ಒಂದು ಒಳಲೆಗೆ ಏಳು ತಿಂಗಳು ಕಾದವರಿಗೆ

ಮೊನ್ನೆ ಸೋಮವಾರ ಒಂದು ಬೆಳ್ಳಿ ಒಳಲೆ, ಅಂದರೆ ಎಳೆಗೂಸಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು, ಮುಗಿಸಿ ಕೊಟ್ಟೆ. ತೂಕ 85 ಗ್ರಾಂ. ಇಂಥವು ನನ್ನ ಕೈಯಲ್ಲಿ ನೂರಾರು ಆಗಿವೆ, ಆದರೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಮಾಡಿದ ಮೊದಲನೆಯದು ಇದು. ನನಗಾಗಿ ಕಾದವರಿಗೆ, ಕೈಹಿಡಿದವರಿಗೆ ಶಿಡ್ಲಘಟ್ಟದಲ್ಲಿ ಸಿಕ್ಕಾಗ ಒಬ್ಬೊಬ್ಬರಿಗೂ ಕೃತಜ್ಞತೆ ಹೇಳೋಣ ಅಂದುಕೊಂಡಿದ್ದೆ. ಎದುರಿಗೆ ನಿಂತರೆ ನನಗೆ ಮಾತು ಹೊರಡಲ್ಲ, ಅದು ನಿಮಗೆಲ್ಲ ಗೊತ್ತಿರೋದೇ. ಅದಕ್ಕೇ ಬರೆಯುತ್ತಿದ್ದೇನೆ.

ಒಳಲೆಯನ್ನು ನಾನು ಒಂದೇ ತಗಡಿನಲ್ಲಿ ಮಾಡುತ್ತೇನೆ. ದುಂಡಗೆ ಕತ್ತರಿಸಿದ ತಗಡನ್ನು ಹುಣಸೆ ದಿಮ್ಮಿಯ ಗುಳಿಯಲ್ಲಿಟ್ಟು ಕೊಡತಿಯಿಂದ ತಟ್ಟಿ ತಟ್ಟಿ ಬಟ್ಟಲು ಮಾಡಬೇಕು, ಆಮೇಲೆ ಅಂಚಿನ ಒಂದು ಕಡೆ ಎಳೆದು ಮೂತಿ ತೆಗೆಯಬೇಕು. ಮೂತಿ ಬೇರೆ ಮಾಡಿ ಬೆಸೆದರೆ ಅರ್ಧ ದಿನ ಉಳಿಯುತ್ತೆ. ಎಳೆಗೂಸಿನ ಬಾಯಿಗೆ ತಾಗುವಲ್ಲಿ ಬೆಸುಗೆ ಬೇಡ ಅನ್ನುತ್ತಿದ್ದರು ನಮ್ಮಪ್ಪ, ನಾನೂ ಅದನ್ನೇ ಹಿಡಿದುಕೊಂಡಿದ್ದೇನೆ. ತಟ್ಟಿದಷ್ಟೂ ಬೆಳ್ಳಿ ಸೆಟೆಯುತ್ತದೆ; ಸೆಟೆದ ಮೇಲೂ ತಟ್ಟಿದರೆ ಅಂಚು ಸೀಳುತ್ತದೆ. ಹಾಗಾಗಿ ನಡುನಡುವೆ ಕಾಯಿಸಿ ಹದಕ್ಕೆ ತರಬೇಕು, ಒಂದು ಒಳಲೆಗೆ ಎಂಟೊಂಬತ್ತು ಸಲ. ಅರೆಗತ್ತಲಲ್ಲಿ ಮಸುಕು ಕೆಂಪು ಕಂಡರೆ ಸಾಕು, ಸುಮಾರು 600 ಡಿಗ್ರಿ. ಅಪ್ಪಟ ಬೆಳ್ಳಿ ಕರಗುವುದು 961ಕ್ಕೆ. ಶೇ. 7.5 ತಾಮ್ರ ಬೆರೆತ 92.5ರ ಬೆಳ್ಳಿ ಅಷ್ಟರವರೆಗೂ ತಡೆಯಲ್ಲ. ನನ್ನ ಅಂಗಡಿಯಲ್ಲಿ ಇದನ್ನೆಲ್ಲ ಅಳೆಯುವ ಮೀಟರು ಯಾವತ್ತೂ ಇರಲಿಲ್ಲ.

ಆ ಮಸುಕು ಕೆಂಪು ನನಗೆ ಕಾಣುವುದೇ ನಿಂತುಹೋಗಿತ್ತು. ಮಬ್ಬು ಮಬ್ಬು ಅಂತ ಇನ್ನೆರಡು ಎಲ್‌ಇಡಿ ದೀಪ ಹಾಕಿಸಿದೆ. ಎಂಥ ಬುದ್ಧಿ! ಅಷ್ಟು ಬೆಳಕಲ್ಲಿ ಒಳ್ಳೆ ಕಣ್ಣಿನವರಿಗೂ ಆ ಕೆಂಪು ಕಾಣಲ್ಲ. ಒಂದು ಪಂಚಪಾತ್ರೆಯ ಅಂಚು ನೋಡನೋಡುತ್ತಲೇ ಕುಸಿದು ಉಂಡೆಯಾಯಿತು. ಬೆಂಗಳೂರಿನ ಒಂದು ಅಂಗಡಿಯವರು ಆರು ಗಿಂಡಿಗಳನ್ನು ಮೂತಿಯ ಹತ್ತಿರ ಸೋರುತ್ತಿವೆ ಅಂತ ವಾಪಸ್ ಕಳಿಸಿದರು. ನಾನು ಗ್ಯಾಸ್ ಸರಿಯಿಲ್ಲ ಅಂದೆ, ಬೆಸುಗೆಗೆ ಮುಂಚೆ ಹಚ್ಚುವ ಬಿಳಿಗಾರ ಸರಿಯಿಲ್ಲ ಅಂದೆ, ಕೊನೆಗೆ ಹನ್ನೆರಡು ವರ್ಷದಿಂದ ಜೊತೆಗಿದ್ದ ಹುಡುಗನ ಮೇಲೆ ಹಾಕಿದೆ. ಅವನು ಏನೂ ಮಾತಾಡದೆ ಅಂಗಿ ಹಾಕಿಕೊಂಡು ಹೊರಟುಹೋದ.

ನಿಜ ಕಂಡುಹಿಡಿದವರು ಎದುರಿನ ರೇಷ್ಮೆ ರೀಲಿಂಗ್ ಮನೆಯ ಆಪಾ. ಬಿಸಿನೀರಲ್ಲಿ ತೇಲುವ ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆಯ ತುದಿ ಹೆಕ್ಕುವ ಕಣ್ಣು ಅವರದು. ಉಜ್ಜಿಟ್ಟಿದ್ದ ಚೊಂಬು ನೋಡಿ, "ಆಚಾರ್ರೇ, ಇದೇನು ಮೈಯೆಲ್ಲ ನೇರಳೆ ಕಲೆ, ನಿಮಗೆ ಕಾಣ್ತಿಲ್ವಾ?" ಅಂದರು. ನನ್ನ ಕಣ್ಣಿಗೆ ಅದು ಚೆನ್ನಾಗೇ ಇತ್ತು. ಬೆಳ್ಳಿ ಅತಿಯಾಗಿ ಕಾಯ್ದಾಗ ಅದರೊಳಗಿನ ತಾಮ್ರ ಕಟ್ಟುವ ಕಲೆ ಅದು. ಮರುವಾರ ಅವರ ಮಗನೇ ಆಟೋದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬಾಡಿಗೆ ಇವತ್ತಿಗೂ ತೆಗೆದುಕೊಂಡಿಲ್ಲ. ಬೆಂಕಿ ಮುಂದೆ ವರ್ಷಗಟ್ಟಲೆ ಕೂತವರಿಗೆ ಪೊರೆ ಬೇಗ ಬರುವುದುಂಟು ಅಂತ ಡಾಕ್ಟರಮ್ಮ ಸಮಾಧಾನವಾಗಿ ತಿಳಿಸಿ ಹೇಳಿದರು. ಅವರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆ ಹತೋಟಿಗೆ ಬರುವವರೆಗೆ ಆಪರೇಷನ್ ಮಾಡುವಂತಿರಲಿಲ್ಲ. ಆ ಮೂರು ತಿಂಗಳು ಸೋರುವ ಗಿಂಡಿಗಳನ್ನು ಬೆಸೆದದ್ದು ನನ್ನ ಹೆಂಡತಿಯ ಕಣ್ಣಲ್ಲಿ. ಬಿಳಿಗಾರ ಕಾಯುವಾಗ ಮೊದಲು ಉಬ್ಬುತ್ತದೆ, ಆಮೇಲೆ ಕರಗಿ ಗಾಜಿನ ಹಾಗೆ ಮೈಗೆ ಕೂರುತ್ತದೆ, ಅದಾದ ಸ್ವಲ್ಪ ಹೊತ್ತಿಗೆ ಬೆಸುಗೆ ಹರಿಯುತ್ತದೆ. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಅವಳು ಹೇಳುತ್ತಿದ್ದಳು: "ಪುರಿ ಥರ ಆಯ್ತು... ಇಳೀತು... ಗಾಜಾಯ್ತು... ಹರೀತು, ಸಾಕು." ನಾನು ಬೆಂಕಿ ತೆಗೆಯುತ್ತಿದ್ದೆ. "ಮೂವತ್ತು ವರ್ಷದಲ್ಲಿ ನಾನು ಸಾಕು ಅಂದ ತಕ್ಷಣ ನೀವು ನಿಲ್ಲಿಸಿದ್ದು ಇದೇ ಮೊದಲು" ಅಂದಳು.

ಒಳಲೆಗೆ ಮಾತ್ರ ಕೈ ಹಾಕಲಿಲ್ಲ. ಅದನ್ನು ಮಾಡಿಕೊಡಲು ಹೇಳಿದ್ದವರು ಚಿಂತಾಮಣಿ ಕಡೆಯವರು. ಮನೆಯ ಹಿರಿಯಜ್ಜಿಯ ತಟ್ಟೆಯನ್ನೇ ಕರಗಿಸಲು ಕೊಟ್ಟಿದ್ದರು. ಕೆಜಿ ಬೆಳ್ಳಿ ಲಕ್ಷ ರೂಪಾಯಿ ದಾಟಿ ಏರುತ್ತಲೇ ಹೋದ ಕಥೆ ಗೊತ್ತಲ್ಲ. ಅಂಥ ಹೊತ್ತಿನಲ್ಲಿ ಇವರ ಬೆಳ್ಳಿ ಏಳು ತಿಂಗಳು ನನ್ನ ಪೆಟ್ಟಿಗೆಯಲ್ಲಿತ್ತು. ಫೋನ್ ಮಾಡಿದಾಗಲೆಲ್ಲ ಕೇಳಿದ್ದು ನನ್ನ ಕಣ್ಣಿನ ಬಗ್ಗೆ. ನಾಮಕರಣ ಆಗಿಹೋಯಿತು, ಅನ್ನಪ್ರಾಶನವೂ ಆಯಿತು. ಒಳಲೆ ಕೊಡುವ ಹೊತ್ತಿಗೆ ಕೂಸಿಗೆ ಎರಡು ಹಲ್ಲು, ಕೈಗೆ ಕೊಟ್ಟರೆ ಮೂತಿಯನ್ನೇ ಕಚ್ಚಿತು. "ಬಿಡಿ ಆಚಾರ್ರೇ, ಎರಡನೇದಕ್ಕೆ ಆಗುತ್ತೆ" ಅಂದರು ಅಜ್ಜಿ. ಸೊಸೆ ಅಜ್ಜಿಯನ್ನು ನೋಡಿದ ನೋಟ ನನ್ನ ಹೊಸ ಕಣ್ಣಿಗೆ ಚೆನ್ನಾಗಿಯೇ ಕಾಣಿಸಿತು.

ಹುಡುಗ ನಾನು ಕರೆಯದೇ ವಾಪಸ್ ಬಂದ. ಆಪರೇಷನ್ ಆಗಿ ನಾನು ಮನೆಯಲ್ಲಿದ್ದಷ್ಟು ದಿನವೂ ಅಂಗಡಿ ಬಾಗಿಲು ತೆಗೆದವನು ಅವನೇ. ತಪ್ಪು ನಿನ್ನದಾಗಿರಲಿಲ್ಲ ಕಣಪ್ಪ. ನಾಲ್ಕು ಜನರ ಎದುರು ಬೈದಿದ್ದೆ, ಅದಕ್ಕೇ ನಾಲ್ಕು ಜನರ ಎದುರೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಕಣ್ಣು ಬಂದ ಮೇಲೆ ನನ್ನದೇ ಹಳೆ ಪಾತ್ರೆಗಳನ್ನು ನೋಡಿದೆ, ನಾಚಿಕೆಯಾಯಿತು. ಕಳೆದ ಎರಡು ವರ್ಷದಲ್ಲಿ ನನ್ನ ಹತ್ತಿರ ಗಿಂಡಿ, ಚೊಂಬು, ಪಂಚಪಾತ್ರೆ ತೆಗೆದುಕೊಂಡವರು ಒಂದು ರಾತ್ರಿ ನೀರು ತುಂಬಿ ಕಾಗದದ ಮೇಲಿಟ್ಟು ನೋಡಿ. ಕಾಗದ ಒದ್ದೆಯಾದರೆ ತನ್ನಿ, ಕೂಲಿ ಬೇಡ. ಎಲ್‌ಇಡಿ ಬಿಚ್ಚಿಸಿದ್ದೇನೆ. ಸಂಜೆ ಆರರ ಮೇಲೆ ಅಂಗಡಿ ಕತ್ತಲಾಗಿರುತ್ತೆ, ಮುಚ್ಚಿದೆ ಅಂತ ವಾಪಸ್ ಹೋಗಬೇಡಿ. ಬಾಗಿಲು ತಟ್ಟಿ, ಒಳಗೇ ಇರ್ತೀನಿ.