ಬೇಟೆಗೆ ಗಾಡಿ ಹುಡುಕುತ್ತಿರುವ ಗೆಳೆಯನಿಗೊಂದು ಪತ್ರ

ಲೋ ಬೊಂಡಾ,

ನೀನು ಅಮೆರಿಕದಿಂದ ಕಳಿಸಿದ ವಿಡಿಯೋಗಳನ್ನೆಲ್ಲ ನೋಡಿದೆ. ಹಿಮದಲ್ಲಿ ದಪ್ಪ ಚಕ್ರದ ಗಾಡಿ ಹಾರಿಸುವ ಆ ಗಡ್ಡದವನಿಗಿಂತ ನಮ್ಮ ಕೊಡಗಿನ ಮಾಂದಲ್‌ಪಟ್ಟಿ ಗುಡ್ಡದ ಜೀಪಿನವರೇ ವಾಸಿ. ಹಿಂದೆ ಪ್ರವಾಸಿಗರು ಕಿರುಚುತ್ತಿದ್ದರೂ ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸ್ತಾರೆ. ಇದನ್ನೆಲ್ಲ ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ನಾಲ್ಕು ಜನ ನೋಡುತ್ತಿದ್ದರೆ ಮಾತ್ರ ನೀನು ಉತ್ತರ ಕೊಡೋದು, ಅದಕ್ಕೇ ಇಲ್ಲಿ. ಬಾಳೆಹಣ್ಣಿನ ಲಾರಿ ವಿಷಯ ಎತ್ತಲ್ಲ, ಹೆದರಬೇಡ.

ಮೊದಲು ನಿನ್ನ ಪ್ರಶ್ನೆ. ಬೇಟೆಗೆ ಯಾವುದು ತಗೊಳ್ಳೋದು, ಬೈಕಿನಂತೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂರುವ ನಾಲ್ಕು ಚಕ್ರದ ಎಟಿವಿಯೋ, ಸಣ್ಣ ಕಾರಿನಂತೆ ಸ್ಟೀರಿಂಗು, ಸೀಟ್ ಬೆಲ್ಟು, ತಲೆ ಮೇಲೆ ಕಬ್ಬಿಣದ ಚೌಕಟ್ಟು ಇರುವ ಯುಟಿವಿಯೋ? ಒಬ್ಬನೇ ಹೋಗುವವನು, ಮರಗಳ ನಡುವೆ ಇಕ್ಕಟ್ಟಿನ ದಾರಿ, ಎಟಿವಿ ಸಾಕು ಅಂತ ಅಂಗಡಿಯವನು ಹೇಳಿರ್ತಾನೆ. ದಾರಿ ಇಕ್ಕಟ್ಟಿದ್ದರೆ ಸರಿ. ಆದರೆ ಅದು ಮಗುಚಿದರೆ ಮುನ್ನೂರು ಕಿಲೋ ಕಬ್ಬಿಣ ನಿನ್ನ ಮೇಲೇ ಬೀಳೋದು, ಕಟ್ಟಿಹಾಕೋಕೆ ಬೆಲ್ಟಿಲ್ಲ, ತಡೆಯೋಕೆ ಚೌಕಟ್ಟಿಲ್ಲ. 570 ಸಿಸಿಯ ಗಾಡಿಗೆ ಹಿಂದಿನ ಕ್ಯಾರಿಯರ್ ಹೊರೋದು ಸುಮಾರು 80 ಕಿಲೋ. ನಿಮ್ಮ ಬಿಳಿಬಾಲದ ಗಂಡು ಜಿಂಕೆ ಒಂದೇ ಅಷ್ಟು ತೂಗಬಹುದು. ಅದನ್ನು ಹಿಂದೆ ಕಟ್ಟಿಕೊಂಡು ಏರು ಹತ್ತಿದರೆ ಮುಂದಿನ ಚಕ್ರ ಮೇಲೇಳುತ್ತೆ. ಹೇರಬೇಡ, ಸಣ್ಣ ಟ್ರೈಲರ್ ಸಿಕ್ಕಿಸಿ ಎಳಿ. ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಇರಲೇಬೇಕು. ಟೈರಿಗೆ 5ರಿಂದ 7 ಪಿಎಸ್‌ಐ ಗಾಳಿ ಸಾಕು. ಕಾರಿನ ಅಭ್ಯಾಸದಲ್ಲಿ 30 ತುಂಬಿಸಿದೆಯೋ, ಸೊಂಟ ನಿನ್ನದಲ್ಲ. ಸದ್ದಿಲ್ಲದ ಬ್ಯಾಟರಿ ಯುಟಿವಿಗಳೂ ಬಂದಿವೆ, ಆದರೆ ಚಳಿಗೆ ಬ್ಯಾಟರಿ ಸೊರಗುತ್ತೆ. ಮಿನ್ನೆಸೋಟದ ನವೆಂಬರ್ ಹೇಗಿರುತ್ತೆ ಅಂತ ನನಗಿಂತ ನಿನಗೆ ಗೊತ್ತು.

ಒಂದು ಮಾತು ಮಾತ್ರ ಯಾವ ವಿಡಿಯೋದವನೂ ಹೇಳಲಿಲ್ಲ. ನಿಮ್ಮಲ್ಲಿ ಜಿಂಕೆ ಸೀಸನ್ನಿನಲ್ಲಿ ಸರ್ಕಾರಿ ಕಾಡಿನೊಳಗೆ ಬೇಟೆಗಾರ ಹಗಲು ಎಟಿವಿ ಓಡಿಸಬಹುದಾದದ್ದು 11ರಿಂದ 2 ಗಂಟೆವರೆಗೆ ಅಷ್ಟೇ. ಇಲ್ಲದಿದ್ದರೆ ಗುಂಡು ಹಾರಿಸುವ ಹೊತ್ತು ಶುರುವಾಗೋ ಮುಂಚೆ, ಇಲ್ಲ ಮುಗಿದ ಮೇಲೆ. ಅಂದರೆ ಹೆಚ್ಚಿನ ಹೊತ್ತು ಗಾಡಿ ಸುಮ್ಮನೆ ನಿಂತಿರುತ್ತೆ, ನೀನು ಮರದ ಮೇಲೆ ನಡುಗುತ್ತಾ ಕೂತಿರ್ತೀಯ. ಸಾಲ ಮಾಡೋ ಮೊದಲು ಇದನ್ನು ಯೋಚಿಸು.

ನಮ್ಮ ಕಡೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಜ್ಜಂದಿರ ಕಥೆಯಷ್ಟೇ. ಕೋವಿ ಮಾತ್ರ ಉಳಿದುಕೊಂಡಿದೆ. ಕೊಡವರಿಗೆ 1861ರಿಂದ ಬಂದ ಕೋವಿ ಲೈಸೆನ್ಸ್ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿದ್ದಾರೆ, 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಯ ಬಾಯಿಗೆ ತೋಕ್ ಪೂವ್ ಅನ್ನೋ ಹೂವು ಸಿಕ್ಕಿಸ್ತೀವಿ, ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವಾಗ ಆಕಾಶಕ್ಕೊಂದು ಗುಂಡು. ಉಳಿದಂತೆ ಗುಂಡು ಹೊಡೆಯೋ ಸ್ಪರ್ಧೆಯಲ್ಲಿ ಗುರಿಗಿಟ್ಟ ತೆಂಗಿನಕಾಯಿಯೇ ನಮ್ಮ ಹುಲಿ. ಹುಲಿ ಹೊಡೆದವನಿಗೆ ಆಗ ನರಿ ಮಂಗಲ ಅಂತ ಸನ್ಮಾನ ಮಾಡ್ತಿದ್ದರು, ಕೊಡವ ಮಾತಲ್ಲಿ ನರಿ ಅಂದರೆ ಹುಲಿಯೇ. ಕಾಯಿ ಒಡೆದ ನನಗೆ ಪ್ಲಾಸ್ಟಿಕ್ ಬಕೆಟ್ ಕೊಟ್ಟರು.

ಆದರೂ ನಾನೂ ಗಾಡಿ ನೋಡ್ತಾ ಇದ್ದೇನೆ ಮಾರಾಯ. ಇಲ್ಲೂ ಎಟಿವಿ ಸಿಗುತ್ತೆ, ಬಹುಪಾಲಿಗೆ ರಸ್ತೆಗಿಳಿಯುವ ನೋಂದಣಿ ಇಲ್ಲ. ಪೊಲಾರಿಸ್‌ನ 570 ಸಿಸಿಯದೊಂದು ಟ್ರ್ಯಾಕ್ಟರ್ ಲೆಕ್ಕದಲ್ಲಿ ಪಾಸಾಗಿ ಬಂತು, ಬಂದಾಗ ಬೆಲೆ ಸುಮಾರು 8 ಲಕ್ಷ. ಅಷ್ಟು ಕೊಟ್ಟು ಮಳೆಯಲ್ಲಿ ನೆನೆಯೋದಾ? ಜೀಪಿನಂಥ ಮಾರುತಿ ಜಿಮ್ನಿ ಹಗುರ, ನಮ್ಮ ಕಾಫಿ ತೋಟದ ಕಿರಿದಾರಿಗೆ ಹೇಳಿಮಾಡಿಸಿದ ಹಾಗಿದೆ. ಮಹೀಂದ್ರ ಥಾರ್ ಗಟ್ಟಿ, ಆದರೆ ಅಗಲ ಜಾಸ್ತಿ, ಅದೇ ದಾರಿಯಲ್ಲಿ ತೂರಿಸುವಷ್ಟರಲ್ಲಿ ಎರಡು ಗಿಡ ಹೋಗುತ್ತೆ. ಯಾರು ಕೇಳಿದರೂ ನಾನು ಹೇಳೋದು ಇಳಿಜಾರು, ಕೆಸರು, ಕಾಳುಮೆಣಸಿನ ಮೂಟೆ. ಅದೇನೂ ಸುಳ್ಳಲ್ಲ.

ನಿಜ ಏನಂದರೆ ನಾನು ತೋಟದಲ್ಲಿ ನಡೆಯೋದನ್ನೇ ಬಿಟ್ಟಿದ್ದೇನೆ ಕಣೋ. ಹೋದ ಮಳೆಗಾಲದಲ್ಲಿ ಕೆರೆ ಪಕ್ಕದ ರೋಬಸ್ಟಾ ಕಾಫಿಯೊಳಗೆ ಇಳಿದಿದ್ದೆ, ಮಂಜು ಇನ್ನೂ ಎದ್ದಿರಲಿಲ್ಲ. ದಾರಿ ಮಧ್ಯೆ ಆನೆ ಲದ್ದಿ, ಆವಿ ಏಳ್ತಾ ಇತ್ತು, ಅದರಲ್ಲಿ ಹಲಸಿನ ಬೀಜ ಇಡಿಯಿಡಿಯಾಗಿ. ಆನೆ ಕಾಣಲಿಲ್ಲ. ಸಿಲ್ವರ್ ಓಕ್ ಮರಗಳ ಆಚೆಯಿಂದ ಅದರ ಗುಡುಗುಡು ಸದ್ದು ಮಾತ್ರ, ಅಷ್ಟು ಹತ್ತಿರ. ಏನೂ ಆಗಲಿಲ್ಲ, ಹಿಂದಕ್ಕೆ ಬಂದೆ. ಅವತ್ತಿಂದ ಜೀಪಿಲ್ಲದೆ ಕೆಳಗಿಳಿದಿಲ್ಲ. ಅಜ್ಜ ಇದೇ ದಾರಿಯಲ್ಲಿ ಬರಿಗಾಲಲ್ಲಿ ನಾಯಿಗಳ ಹಿಂದೆ ಓಡಿದವನು.

ಹೆದರಿಕೆ ಬಿಡು, ಅದನ್ನು ಹೇಳಿಕೊಳ್ಳಬಹುದು. ನಿದ್ದೆ ಕೆಡಿಸೋದು ಇನ್ನೊಂದು. ನಾನು ಜೀಪಿನಲ್ಲಿ ಹೋಗುವ ಅದೇ ದಾರಿಯಲ್ಲಿ ಕೆಲಸದವರು ತಾವಿರುವ ಸಾಲುಮನೆ, ಲೈನ್ ಮನೆಯಿಂದ ಊಟದ ಡಬ್ಬಿ ಹಿಡಿದು ನಡೆದು ಬರ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಆನೆ ಇದೆ ಅಂತ ಬಂದ ದಿನ ತೋಟದ ಕೆಲಸ ನೋಡಿಕೊಳ್ಳೋ ರೈಟರಿಗೆ ಫೋನ್ ಮಾಡಿ, ಎಲ್ಲರನ್ನೂ ಮೇಲಿನ ಬ್ಲಾಕಿಗೆ ಕಳಿಸಿ ಅಂತೀನಿ. ಮೆಸೇಜ್ ಬಾರದ ದಿನ ಆನೆ ಇಲ್ಲ ಅಂತೇನೂ ಅಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಮೊನ್ನೆ ಕಾಫಿ ಕುಯ್ಯುವ ಹೆಂಗಸೊಬ್ಬರು, "ಹೊಸ ಗಾಡಿ ತಗೊಳ್ತೀರಂತೆ ಸಾವ್ಕಾರ್ರೆ, ಎಷ್ಟು ಜನ ಕೂರಬಹುದು ಅದರಲ್ಲಿ?" ಅಂದರು. ತಮಾಷೆಗೋ ಏನೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ನಾನು ಮೈಲೇಜ್ ಬಗ್ಗೆ ಮಾತಾಡಿದೆ.

ಈಗ ಯಾವ ಗಾಡಿ ನೋಡಿದರೂ ಮೊದಲು ಸೀಟು ಎಣಿಸ್ತೀನಿ. ಜಿಮ್ನಿಗೆ ನಾಲ್ಕು. ಪಿಕಪ್ಪಿನ ಹಿಂದೆ ಜನರನ್ನು ಹತ್ತಿಸಿದರೆ ಅದು ಬೇರೆಯದೇ ಕೇಸು.

ಸಾಕು, ಇಷ್ಟೆಲ್ಲ ಬರೆಯೋಕೆ ಕೂತದ್ದಲ್ಲ. ಇದನ್ನು ಓದಿದ ನಮ್ಮ ಬ್ಯಾಚಿನವರು ಮುಂದಿನ ಮದುವೆಯಲ್ಲಿ ನನ್ನ ಹಿಂದೆ ನಿಂತು ಆನೆ ಘೀಳಿಡೋದು ಗ್ಯಾರಂಟಿ. ಇಡಲಿ, ನಾನು ಹಂದಿ ಮಾಂಸದ ಪಂದಿ ಕರಿ ಬಡಿಸುವ ಕಡೆಯೇ ಓಡೋದು. ಸದ್ಯಕ್ಕೆ ಗಾಡಿಯ ಫೈಲು ಮನೆಯ ಹಣಕಾಸು ಮಂತ್ರಿ ಹತ್ತಿರ ಇದೆ. ಸಾಲ ಮಾಡಿದರೆ ಆನೆಗಿಂತ ಮುಂಚೆ ಬ್ಯಾಂಕಿನವರು ಗೇಟ್ ಮುರೀತಾರೆ ಅಂತ ಷರಾ ಬರೆದು ಇಟ್ಟುಕೊಂಡಿದ್ದಾಳೆ.

ನೀನು ಯುಟಿವಿಯೇ ತಗೋ, ಬೆಲ್ಟ್ ಹಾಕ್ಕೋ. ಆ ಉರಿಯುವ ಕಿತ್ತಳೆ ಬಣ್ಣದ ಬೇಟೆ ಜಾಕೆಟ್ ಹಾಕಿಕೊಂಡು ಒಂದು ಫೋಟೋ ಕಳಿಸು. ಕೊಡಗಿನ ಕಿತ್ತಳೆ ಈಗ ಸಂತೆಯಲ್ಲಿ ಹುಡುಕಿದರೂ ಸಿಗಲ್ಲ, ಅಮೆರಿಕದಲ್ಲಿ ಒಂದು ಮರ ಹತ್ತಿ ಕೂತಿದೆ ಅಂತ ಎಲ್ಲರಿಗೂ ತೋರಿಸ್ತೀನಿ.

ಇಂತಿ ನಿನ್ನ,
ಬಕೆಟ್ ವಿಜೇತ