ಇಲ್ಲದ ಡಿಸ್ಕಿಗೆ ಕಾಯ್ತಿರೋ ಕಂಪ್ಯೂಟರನ್ನ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ರು, ಶಾಲೆಗಳಿಗೆ ದಾನವಾಗಿ ಬಂದ ಹಳೇ ಕಂಪ್ಯೂಟರ್‌ಗಳಿಗೆ ಲಿನಕ್ಸ್ (ವಿಂಡೋಸ್ ಥರದ್ದೇ, ಆದ್ರೆ ಪುಕ್ಕಟೆ ಸಿಗೋ ಸಾಫ್ಟ್‌ವೇರ್) ಹಾಕಿ ಕೊಟ್ರೆ ಪ್ರಯೋಜನ ಇಲ್ಲ, ಅವು ಸ್ಟಾರ್ಟ್ ಆಗೋಷ್ಟರಲ್ಲಿ ಪೀರಿಯಡ್ಡೇ ಕರಗಿ ಹೋಗುತ್ತೆ ಅಂತ. ಅವರ ಸಿಟ್ಟು ನನಗೆ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮೂರ ಹತ್ತಿರದ ಒಂದು ಹೈಸ್ಕೂಲಿಗೆ ನಾನು ಶನಿವಾರ ಶನಿವಾರ ಹೋಗಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡ್ತೀನಿ, ಅಲ್ಲೂ ಇದೇ ಕಥೆ ಇತ್ತು. 40 ನಿಮಿಷದ ಪೀರಿಯಡ್ಡು, ಬಟನ್ ಒತ್ತಿ ಮಕ್ಕಳು ಕಪ್ಪು ಪರದೆ ನೋಡ್ತಾ ಮೂರು ನಿಮಿಷ ಕೂರೋರು, ನಡುವೆ ಒಂದ್ಸಲ ಕರೆಂಟ್ ಹೋಯ್ತು ಅಂದ್ರೆ (ಯುಪಿಎಸ್ ಬ್ಯಾಟರಿಗಳು ಯಾವತ್ತೋ ಕೂತೋಗಿವೆ) ಮತ್ತೆ ಮೊದಲಿಂದ ಕಾಯಬೇಕು, ಹಿಂದಿನ ಸಾಲಿನ ಮಕ್ಕಳು ಅಷ್ಟರಲ್ಲಿ ಆಸೆ ಬಿಟ್ಟು ಹೊರಗೆ ನೋಡೋಕೆ ಶುರು ಮಾಡಿರ್ತಿದ್ರು. ಸರ್ವೀಸಿಗೆ ಬಂದಿದ್ದ ಅಂಗಡಿಯವರು "ಸರ್ ಇದು ಹತ್ತು ವರ್ಷದ ಹಿಂದಿನ ಮಾಲು, ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಅಂದುಬಿಟ್ರು. ಹೆಡ್ ಮಾಸ್ಟರೂ ಒಪ್ಪೋ ಹಂತಕ್ಕೆ ಬಂದಿದ್ರು.

ಒಂದು ವಾರ ಟೈಮ್ ಕೊಡಿ ಸರ್ ಅಂತ ಕೇಳಿಕೊಂಡೆ. ಲಿನಕ್ಸಲ್ಲಿ ಒಂದು ಒಳ್ಳೇ ವ್ಯವಸ್ಥೆ ಇದೆ, ಸ್ಟಾರ್ಟ್ ಆಗೋಕೆ ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಹಿಡೀತು ಅಂತ ಅದೇ ಲೆಕ್ಕ ಒಪ್ಪಿಸುತ್ತೆ. ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗೆದು ಸಿಸ್ಟಮ್‌ಡಿ-ಅನಲೈಸ್ ಅಂತ ಹೊಡೆದ್ರೆ ಸಾಕು. ನಮ್ಮ ಮೊದಲನೇ ಮಷೀನು ತೋರಿಸಿದ್ದು ಕರ್ನೆಲ್ಲಿಗೆ (ಲಿನಕ್ಸಿನ ತಿರುಳು, ಮೊದಲು ಲೋಡ್ ಆಗೋ ಭಾಗ) 37 ಸೆಕೆಂಡು, ಅದಾದ ಮೇಲಿನ ಕೆಲಸಕ್ಕೆ 2 ನಿಮಿಷ 12 ಸೆಕೆಂಡು. ಆ ಕಮಾಂಡಿನ ಕೊನೆಗೆ ಬ್ಲೇಮ್ ಅಂತ ಸೇರಿಸಿದ್ರೆ ಯಾವ ಸರ್ವೀಸು (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮು) ಎಷ್ಟು ಹೊತ್ತು ತಿಂತು ಅನ್ನೋ ಪಟ್ಟಿ ಬರುತ್ತೆ, ಆದ್ರೆ ಆ ಪಟ್ಟಿಯಲ್ಲಿ ಅಷ್ಟು ದೊಡ್ಡದು ಯಾವುದೂ ಕಾಣಲಿಲ್ಲ. ಆಮೇಲೆ ಹೊಳೀತು, ಆ ಪಟ್ಟಿಗೆ ಸೇರೋದು ಸರಿಯಾಗಿ ಶುರುವಾದ ಬಾಬತ್ತುಗಳು ಮಾತ್ರ, ಕಾದು ಕಾದು ಸಿಗದೇ ಹೋದದ್ದು ಅದರಲ್ಲಿ ಬರಲ್ಲ. ಮತ್ತೆ ರೀಸ್ಟಾರ್ಟ್ ಮಾಡಿ, ಲೋಗೋ ಬಂದ ತಕ್ಷಣ ಎಸ್ಕೇಪ್ ಕೀ ಒತ್ತಿದೆ. ಲೋಗೋ ಸರಿದು ಹಿಂದಿದ್ದ ಸಾಲುಗಳು ಕಂಡ್ವು, ಅದರಲ್ಲಿ ಒಂದು ಕಡೆ ಕೆಂಪು ಚುಕ್ಕಿಗಳು ಅತ್ತಿಂದಿತ್ತ ಓಡಾಡ್ತಾ ಒಂದು ಡಿಸ್ಕಿನ ಉದ್ದ ನಂಬರು ತೋರಿಸಿ ಸೆಕೆಂಡು ಎಣಿಸ್ತಾ ಇತ್ತು, ಒಂದೂವರೆ ನಿಮಿಷದ ತನಕ.

ಆ ನಂಬರಿನ ಡಿಸ್ಕು ಆ ಮಷೀನಿನಲ್ಲಿ ಇರಲೇ ಇಲ್ಲ! ಆಗಿದ್ದು ಇಷ್ಟು. ಯಾರೋ ಯಾವತ್ತೋ ಪಕ್ಕದ ಪಾರ್ಟಿಷನ್ನಿಗೆ (ಡಿಸ್ಕಿನ ಇನ್ನೊಂದು ಭಾಗಕ್ಕೆ) ಇನ್ನೊಂದು ಲಿನಕ್ಸ್ ಹಾಕೋವಾಗ ಸ್ವಾಪ್ ಪಾರ್ಟಿಷನ್ನನ್ನ (ಮೆಮೊರಿ ಸಾಲದಾದಾಗ ಬಳಸೋ ಭಾಗ) ಫಾರ್ಮ್ಯಾಟ್ ಮಾಡಿದಾರೆ, ಫಾರ್ಮ್ಯಾಟ್ ಆದ್ರೆ ಅದರ ಗುರುತಿನ ನಂಬರು ಬದಲಾಗುತ್ತೆ, ಹಳೇ ನಂಬರು ಮಾತ್ರ ಎಫ್‌ಎಸ್‌ಟ್ಯಾಬ್ ಅನ್ನೋ, ಡಿಸ್ಕಿನ ಭಾಗಗಳ ಪಟ್ಟಿ ಇರೋ ಫೈಲಲ್ಲಿ ಹಾಗೇ ಉಳಿದುಬಿಟ್ಟಿದೆ. ಸಿಸ್ಟಮ್‌ಡಿ (ಸ್ಟಾರ್ಟ್ ಆಗೋವಾಗ ಎಲ್ಲಾ ಕೆಲಸ ಶುರು ಮಾಡಿಸೋ ಮೇಸ್ತ್ರಿ ಪ್ರೋಗ್ರಾಮು) ಅಲ್ಲಿ ಬರೆದಿರೋದನ್ನ ನಂಬಿ 90 ಸೆಕೆಂಡು ಕಾಯುತ್ತೆ, ಸಿಗಲಿಲ್ಲ ಅಂದ್ರೆ ಮುಂದಕ್ಕೆ ಹೋಗುತ್ತೆ. ಅದಕ್ಕೂ ಮುಂಚೆ, ಅಂದ್ರೆ ಕರ್ನೆಲ್ ಲೋಡ್ ಆಗೋ ಹಂತದಲ್ಲಿ, ಹೈಬರ್ನೇಟ್ ಆಗಿದ್ದೇನಾದ್ರೂ (ಅಂದ್ರೆ ಮೆಮೊರಿಯಲ್ಲಿದ್ದದ್ದನ್ನ ಡಿಸ್ಕಿಗೆ ಬರೆದಿಟ್ಟು ಮಲಗಿದ್ದು) ಇದೆಯಾ ನೋಡೋಣ ಅಂತ ಅದೇ ಸ್ವಾಪನ್ನ ಹುಡುಕಿ ಇನ್ನೊಂದು 30 ಸೆಕೆಂಡು ಹೋಗ್ತಿತ್ತು. ಎರಡೂ ಸೇರಿ 2 ನಿಮಿಷ, ಇಲ್ಲದ ಡಿಸ್ಕಿಗೆ ಕಾಯೋಕೆ. ಬಿಎಲ್‌ಕೆಐಡಿ (blkid) ಕಮಾಂಡ್ ಹೊಡೆದು ಈಗಿನ ನಂಬರು ತಗೊಂಡು ಎಫ್‌ಎಸ್‌ಟ್ಯಾಬಲ್ಲೂ ರೆಸ್ಯೂಮ್ ಅನ್ನೋ ಫೈಲಲ್ಲೂ ತಿದ್ದಿ, ಇನಿಟ್‌ರ‍್ಯಾಮ್‌ಎಫ್‌ಎಸ್ (ಕರ್ನೆಲ್ ಜೊತೆ ಮೊದಲೇ ಲೋಡ್ ಆಗೋ ಚಿಕ್ಕ ಫೈಲ್ ಕಟ್ಟು) ಅಪ್‌ಡೇಟ್ ಮಾಡಿ ಮತ್ತೆ ಆನ್ ಮಾಡಿದ್ರೆ ಕರ್ನೆಲ್ 6 ಸೆಕೆಂಡು, ಉಳಿದದ್ದು 42. ಒಂದು ಪೈಸೆ ಖರ್ಚಿಲ್ಲ. 11 ಮಷೀನಲ್ಲಿ 9ಕ್ಕೆ ಇದೇ ಕಾಯಿಲೆ ಇತ್ತು, ಎಲ್ಲಕ್ಕೂ ಒಂದೇ ಕೈ ಬಿದ್ದಿತ್ತು ಅನ್ಸುತ್ತೆ.

ಹಾಗಾಗಿ ಲಿನಕ್ಸ್ ಅಂದ್ರೇನೇ ನಿಧಾನ ಅನ್ನೋ ಮಾತನ್ನ ನಾನು ಒಪ್ಪಲ್ಲ. 2008ರ ಸೆಪ್ಟೆಂಬರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಇಂಟೆಲ್ಲಿನ ಅರ್ಯನ್ ವಾನ್ ಡೆ ವೆನ್ ಮತ್ತೆ ಔಕೆ ಕಾಕ್ ಅನ್ನೋ ಇಬ್ಬರು, ಅಸೂಸ್ ಈ-ಪಿಸಿ ಅನ್ನೋ ಪುಟಾಣಿ ಲ್ಯಾಪ್‌ಟಾಪನ್ನ 5 ಸೆಕೆಂಡಲ್ಲಿ ಬೂಟ್ ಮಾಡಿ, ಅಂದ್ರೆ ಸ್ಟಾರ್ಟ್ ಮಾಡಿ ತೋರಿಸಿದ್ರು. ಪ್ರೊಜೆಕ್ಟರು ಸಿಗ್ನಲ್ ಹಿಡಿಯೋಕೆ ಮುಂಚೆನೇ ಬೂಟ್ ಮುಗಿದುಹೋಗುತ್ತೆ ಅಂತ ಲ್ಯಾಪ್‌ಟಾಪನ್ನೇ ಎತ್ತಿ ಹಿಡಿದು ಸಭೆಗೆ ತೋರಿಸಬೇಕಾಯ್ತಂತೆ. ಅವರು ಮಾಡಿದ್ದು ನನಗೆ ತುಂಬಾ ಹಿಡಿಸುತ್ತೆ, ಇರೋದರಲ್ಲಿ ಸ್ವಲ್ಪ ಸ್ವಲ್ಪ ಕಮ್ಮಿ ಮಾಡೋಣ ಅಂತ ಹೊರಡದೇ, ಮೊದಲೇ 5 ಸೆಕೆಂಡು ಅಂತ ಗೆರೆ ಎಳೆದು ಕರ್ನೆಲ್ಲಿಗೆ ಇಷ್ಟು, ಡೆಸ್ಕ್‌ಟಾಪಿಗೆ ಇಷ್ಟು ಅಂತ ಮನೆ ಖರ್ಚಿನ ಥರ ಹಂಚಿಕೊಂಡ್ರು. ಲಾಗಿನ್ ಪರದೆ ಬಂತು ಅಂದ್ರೆ ಮುಗೀತು ಅಂತಲೂ ಅಲ್ಲ, ಡಿಸ್ಕು ಸಿಪಿಯು ಎರಡೂ ಸುಮ್ಮನಾದ್ರೇನೇ ಬೂಟ್ ಆಯ್ತು ಅಂತ ಲೆಕ್ಕ. ಆ ಲ್ಯಾಪ್‌ಟಾಪು ನಮ್ಮ ಸ್ಕೂಲಿನ ಈ "ಹಳೇ ಮಾಲಿ"ಗಿಂತ ತುಂಬಾ ದುರ್ಬಲ.

ಆಗಿನ ಕಾಲದಲ್ಲಿ ಸ್ಟಾರ್ಟಪ್ ಸ್ಕ್ರಿಪ್ಟುಗಳು ಒಂದಾದ ಮೇಲೆ ಒಂದು ಓಡೋವು, ಒಂದೇ ಒಲೆಯಲ್ಲಿ ಅನ್ನ ಇಳಿಸಿದ ಮೇಲೇ ಸಾರಿಗೆ ಇಡೋ ಹಾಗೆ. 2010ರಲ್ಲಿ ಬಂದ ಸಿಸ್ಟಮ್‌ಡಿ ಅದನ್ನ ಬದಲಾಯಿಸ್ತು. ನ್ಯಾಯಬೆಲೆ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆನೇ ಸಾಲಲ್ಲಿ ಚೀಲ ಇಟ್ಟು ಮನೆ ಕೆಲಸಕ್ಕೆ ಹೋಗ್ತೀವಲ್ಲ, ಹಾಗೇ ಇದು ಸರ್ವೀಸುಗಳ ಸಾಕೆಟ್ಟುಗಳನ್ನ (ಕೋರಿಕೆ ಬಂದು ಸೇರೋ ಕಿಂಡಿಗಳು) ಮೊದಲೇ ತೆರೆದಿಡುತ್ತೆ, ಕೇಳೋರ ಕೋರಿಕೆ ಅಲ್ಲಿ ಕಾಯ್ತಿರುತ್ತೆ, ಅಷ್ಟರಲ್ಲಿ ಎಲ್ಲವೂ ಒಟ್ಟಿಗೇ ಶುರುವಾಗ್ತವೆ. ಲಿನಕ್ಸಿನ ಬೇರೆ ಬೇರೆ ಆವೃತ್ತಿಗಳಲ್ಲಿ ಫೆಡೋರಾ 2011ರಲ್ಲೇ ಇದಕ್ಕೆ ಬಂತು, ಡೆಬಿಯನ್ ಉಬುಂಟು ಎರಡೂ 2015ರ ಏಪ್ರಿಲ್ಲಲ್ಲಿ.

ಇಷ್ಟಾದರೂ ತಿರುಗೋ ಹಾರ್ಡ್ ಡಿಸ್ಕೇ ನಿಧಾನ ಅನ್ನೋದು ನಿಜ. ನಿಮಿಷಕ್ಕೆ 7200 ಸುತ್ತು ತಿರುಗೋ ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಓದೋಕೆ ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು, ಬೂಟ್ ಆಗೋವಾಗ ಓದಬೇಕಾಗಿರೋ ಸಣ್ಣ ಸಣ್ಣ ಫೈಲುಗಳು ಸಾವಿರಾರು, ನೀವೇ ಗುಣಿಸಿ ನೋಡಿ. ನಾವು ಎರಡು ಮಷೀನಿಗೆ ತಿರುಗೋ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದ್ವಿ, ಅವೆರಡೂ ಈಗ 20 ಸೆಕೆಂಡಿನ ಒಳಗೆ ಏಳ್ತವೆ. ಉಳಿದವಕ್ಕೂ ಹಾಕಿಸೋಕೆ ಹಳೇ ವಿದ್ಯಾರ್ಥಿಗಳನ್ನ ಕೇಳ್ತಾ ಇದೀವಿ, ಹೊಸ ಕಂಪ್ಯೂಟರಿನ ರೇಟಿನ ಮುಂದೆ ಇದು ಏನೂ ಅಲ್ಲ.

ಹಳ್ಳಿ ಕಡೆ ಶಾಲೆಗಳವರು ಇನ್ನೊಂದು ಗಮನಿಸಬೇಕು. ಉಬುಂಟುವಿನಲ್ಲಿ ಬೂಟ್ ಆಗ್ತಿರೋವಾಗಲೇ ಕರೆಂಟ್ ಹೋದ್ರೆ, ಮುಂದಿನ ಸಲ ಗ್ರಬ್ ಮೆನು (ಯಾವುದನ್ನ ಸ್ಟಾರ್ಟ್ ಮಾಡ್ಲಿ ಅಂತ ಕೇಳೋ ಪಟ್ಟಿ) 30 ಸೆಕೆಂಡು ನಿಲ್ಲುತ್ತೆ, ಹಿಂದಿನ ಸಲ ಏನೋ ಕೆಟ್ಟಿದೆ, ಮನುಷ್ಯರು ನೋಡಿ ಆಯ್ಕೆ ಮಾಡಲಿ ಅಂತ. ಎಂಟರ್ ಒತ್ತಿದ್ರೆ ಆಯ್ತು, ಇದು ಗೊತ್ತಿಲ್ಲದೇ ಎಷ್ಟೋ ಜನ ಹ್ಯಾಂಗ್ ಆಗಿದೆ ಅಂತ ಮತ್ತೆ ಆಫ್ ಮಾಡ್ತಾರೆ, ಆಗ ಇನ್ನೊಂದ್ಸಲ 30 ಸೆಕೆಂಡು. ಎಫ್1 ಒತ್ತು ಅಂತ ಶುರುವಿನಲ್ಲೇ ನಿಂತು, ತಾರೀಖು ಕೂಡ ಹಿಂದೆ ಹೋಗಿದ್ರೆ, ಅದಕ್ಕೂ ಲಿನಕ್ಸಿಗೂ ಸಂಬಂಧ ಇಲ್ಲ, ಮದರ್‌ಬೋರ್ಡಿನ ಸಿಆರ್ 2032 ಸೆಲ್ ಬದಲಾಯಿಸಿ ಸಾಕು.

ವಿಂಡೋಸ್ ಬೇಗ ಬರುತ್ತಲ್ಲ ಅಂತ ಕೇಳೋರಿಗೆ ಒಂದು ಮಾತು. ವಿಂಡೋಸ್ 8ರಿಂದ ಈಚೆಗೆ ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಇದೆ, ಶಟ್‌ಡೌನ್ ಮಾಡಿದಾಗ ಕರ್ನೆಲನ್ನ ಡಿಸ್ಕಿಗೆ ಬರೆದಿಟ್ಟು ಮಲಗುತ್ತೆ, ಅಂದ್ರೆ ಅರ್ಧ ಹೈಬರ್ನೇಟು. ಹೋಲಿಸೋದಾದ್ರೆ ರೀಸ್ಟಾರ್ಟ್ ಕೊಟ್ಟು ಹೋಲಿಸಿ, ಆಗ ಅದೂ ಪೂರ್ತಿ ಬೂಟ್ ಆಗುತ್ತೆ.

ನನ್ನ ಕೋರಿಕೆ ಶಾಲೆ ನಡೆಸೋರಿಗೆ, ಮಷೀನು ದಾನ ಕೊಡೋರಿಗೆ. ಗುಜರಿಗೆ ಕಳಿಸೋ ಮುಂಚೆ ಒಂದ್ಸಲ ಸ್ಟಾರ್ಟ್ ಆಗೋ ಹೊತ್ತಿನ ಆ ಲೆಕ್ಕ ಹೊರಗೆ ತೆಗೆಸಿ ನೋಡಿ, ಸರ್ವೀಸಿನವರನ್ನ "ಎಲ್ಲಿ ತಡ ಆಗ್ತಿದೆ, ತೋರಿಸಿ" ಅಂತ ಕೇಳಿ. ನೀವೇ ಕೈ ಹಾಕೋದಾದ್ರೆ ಎಫ್‌ಎಸ್‌ಟ್ಯಾಬ್ ಫೈಲಿನ ಕಾಪಿ ಇಟ್ಟುಕೊಂಡು ತಿದ್ದಿ, ಪಕ್ಕದಲ್ಲಿ ಬೂಟ್ ಆಗೋ ಪೆನ್‌ಡ್ರೈವ್ ಒಂದು ಇರಲಿ, ಆ ಫೈಲಲ್ಲಿ ಒಂದು ಅಕ್ಷರ ತಪ್ಪಿದ್ರೂ ಮಷೀನು ಅರ್ಧದಲ್ಲೇ ನಿಲ್ಲಬಹುದು.

ಇಂತಿ,
ನಿಮ್ಮ ಓದುಗ,
ತಿಪಟೂರು