ರಾತ್ರಿ ಎಲ್ಲಿದ್ದೆ ಅಂತ ಬೈಬೇಡಿ, ಕೇಳಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಹೋದ ವಾರ ಹಿರಿಯರೊಬ್ರು ಬರೆದಿದ್ರು, ಸಾಲ ಸೋಲ ಮಾಡಿ ಮಕ್ಕಳನ್ನ ಫಾರಿನ್‌ಗೆ ಓದೋಕೆ ಕಳಿಸಿದ್ರೆ ಅವ್ರು ಅಲ್ಲಿ ವಾರಕ್ಕೊಂದು ದೇಶ ಸುತ್ಕೊಂಡು ರಾತ್ರಿಯೆಲ್ಲಾ ಪಬ್ಬಲ್ಲಿ ಕೂತು ಫೋಟೋ ಹಾಕ್ತಾರೆ, ಓದೋದು ಯಾವಾಗ ಅಂತ. ಅವರ ಸಂಕಟ ನಂಗೆ ಗೊತ್ತಾಗುತ್ತೆ, ನಮ್ಮಪ್ಪನೂ ಜಮೀನು ಅಡ ಇಟ್ಟೇ ನನ್ನ ಕಳಿಸಿರೋದು. ನಾನು ಹಾಸನದ ಕಡೆಯವಳು, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂ.ಎಸ್. ಮಾಡ್ತಿದೀನಿ. ಅವರಿಗೂ, ಅವರ ಥರ ಯೋಚನೆ ಮಾಡೋ ಎಲ್ಲಾ ಅಪ್ಪ ಅಮ್ಮಂದಿರಿಗೂ ಒಂದು ಮಾತು ಹೇಳ್ಬೇಕು ಅನ್ನಿಸ್ತು. ನಾವು ತಿರುಗಾಡೋದರಿಂದ, ರಾತ್ರಿ ಹೊರಗೆ ಹೋಗೋದರಿಂದ ಆಗೋ ಕೆಡುಕಿಗಿಂತ, ಅದನ್ನ ಮನೇಲಿ ಹೇಳೋಕೆ ಹೆದರಿ ಮುಚ್ಚಿಡೋದರಿಂದ ಆಗೋ ಕೆಡುಕು ಬಹಳ ದೊಡ್ಡದು, ನಾನು ಇಲ್ಲಿ ಕಣ್ಣಾರೆ ನೋಡ್ತಿರೋದು ಅದನ್ನೇ.

ಮೊದ್ಲು ದುಡ್ಡಿನ ಮಾತು ಮುಗಿಸ್ತೀನಿ ಯಾಕಂದ್ರೆ ಎಲ್ರಿಗೂ ಅನುಮಾನ ಬರೋದೇ ಅಲ್ಲಿ. ಜರ್ಮನಿಗೆ ಸ್ಟೂಡೆಂಟ್ ವೀಸಾ ಬೇಕು ಅಂದ್ರೆ ಬ್ಲಾಕ್ಡ್ ಅಕೌಂಟ್ ಅಂತ ಒಂದರಲ್ಲಿ ವರ್ಷಕ್ಕೆ 11,904 ಯೂರೋ ಮೊದ್ಲೇ ಇಡ್ಬೇಕು, ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತೆ. ಒಂದೇ ಸಲ ತೆಗೆದು ಉಡಾಯಿಸ್ತೀನಿ ಅಂದ್ರೂ ಆಗಲ್ಲ. ಅದರಲ್ಲೇ ರೂಮ್ ಬಾಡಿಗೆ, ಹೆಲ್ತ್ ಇನ್ಶೂರೆನ್ಸ್, ಊಟ ತಿಂಡಿ ಎಲ್ಲಾ. ಜರ್ಮನಿಲಿ ಫೀಸೇ ಇಲ್ಲ ಅಂತ ನಮ್ಮ ಕಡೆ ಹೇಳ್ತಾರಲ್ಲ, ನಾನಿರೋ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಯುರೋಪಿನ ಆಚೆಯವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸ್ ಇದೆ. ಹಂಗಾಗಿ ಬಹಳಷ್ಟು ಜನ ಪಾರ್ಟ್ ಟೈಮ್ ಕೆಲ್ಸ ಮಾಡೇ ಮಾಡ್ತಾರೆ, ಕ್ಲಾಸ್ ನಡೀವಾಗ ವಾರಕ್ಕೆ 20 ಗಂಟೆ ಅಂತ ಲೆಕ್ಕ, ಕನಿಷ್ಠ ಕೂಲಿ ಗಂಟೆಗೆ 2026ರ ಜನವರಿಯಿಂದ 13.90 ಯೂರೋ. ಶನಿವಾರ ಬೆಳಗ್ಗೆ ಗೋಡೌನಲ್ಲಿ ಡಬ್ಬ ಎತ್ತಿದ ಹುಡುಗಾನೇ ಆವತ್ತು ರಾತ್ರಿ ಪಾರ್ಟಿ ಫೋಟೋದಲ್ಲಿ ನಗ್ತಾ ಇರ್ತಾನೆ, ಡಬ್ಬ ಎತ್ತೋ ಫೋಟೋ ಯಾರೂ ಸ್ಟೇಟಸ್‌ಗೆ ಹಾಕಲ್ಲ, ಆದ್ರಿಂದ ಊರಲ್ಲಿರೋವ್ರಿಗೆ ಅದು ಕಾಣಲ್ಲ.

ತಿರುಗಾಟ ಅಂತೂ ನೀವು ಅಂದ್ಕೊಂಡಷ್ಟು ದುಬಾರಿ ಅಲ್ಲವೇ ಅಲ್ಲ. ಇಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಒಂದು ತಿಂಗಳ ಪಾಸು, 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿ ಈಗ 63 ಯೂರೋಗೆ ಬಂದಿದೆ, ಸ್ಟೂಡೆಂಟ್ಸಿಗೆ ಅದಕ್ಕಿಂತ ಕಡಿಮೆಗೆ ಸಿಗುತ್ತೆ. ಅದೊಂದಿದ್ರೆ ದೇಶದ ಎಲ್ಲಾ ಊರಿನ ಸಿಟಿ ಬಸ್ಸು, ಟ್ರಾಮು, ಮೆಟ್ರೋ, ಜೊತೆಗೆ ಎಲ್ಲಾ ಪ್ಯಾಸೆಂಜರ್ ಟ್ರೈನು ಹತ್ತಬಹುದು, ಐಸಿಇ, ಐಸಿ ಥರದ ಫಾಸ್ಟ್ ಟ್ರೈನ್ ಮಾತ್ರ ಇಲ್ಲ. ಕಾಲೇಜಿಗೆ ಹೋಗೋಕೆ ತಗೊಂಡ ಪಾಸಲ್ಲೇ ಭಾನುವಾರ ಹೈಡೆಲ್‌ಬರ್ಗ್ ಕೋಟೆ ನೋಡ್ಬಹುದು, 768 ಮೆಟ್ಟಿಲಿನ ಉಲ್ಮ್ ಚರ್ಚ್ ಗೋಪುರ ನೋಡ್ಬಹುದು, ಫ್ರಾನ್ಸ್ ಗಡಿ ತನಕವೂ ಹೋಗ್ಬಹುದು. ನೆಂಟರು "ಫ್ರಾನ್ಸ್ ಟ್ರಿಪ್ ಅಂತೆ" ಅಂತ ಮಾತಾಡ್ಕೊಳ್ಳೋ ಟ್ರಿಪ್ ಹೆಂಗಿರುತ್ತೆ ಅಂದ್ರೆ, ಕೇಲ್ ಅಂತ ಗಡಿ ಊರಿಗೆ ಪಾಸಲ್ಲೇ ಟ್ರೈನ್, ಅಲ್ಲಿ ಸಿಟಿ ಟ್ರಾಮ್ ಹತ್ತಿದ್ರೆ ಅದು ರೈನ್ ನದಿ ಸೇತುವೆ ದಾಟಿ ಕೆಲವೇ ನಿಮಿಷಕ್ಕೆ ಸ್ಟ್ರಾಸ್‌ಬರ್ಗ್‌ನೊಳಗೆ ಇಳಿಸುತ್ತೆ, ಬ್ಯಾಗಲ್ಲಿ ಬೆಳಗ್ಗೆ ಕಟ್ಕೊಂಡ ಚಿತ್ರಾನ್ನ. ವೀಸಾ ಬೇರೆ ಬೇಡ, ಇಲ್ಲಿನ ರೆಸಿಡೆನ್ಸ್ ಪರ್ಮಿಟ್ ಇದ್ರೆ ಶೆಂಗೆನ್ ಅಂತ ಒಂದೇ ವೀಸಾದಲ್ಲಿ ಓಡಾಡೋ ಯುರೋಪಿನ ಬೇರೆ ದೇಶಗಳಲ್ಲಿ 180 ದಿನಕ್ಕೆ 90 ದಿನದ ತನಕ ಇರ್ಬಹುದು. ಆದ್ರೆ ಪಾಸ್‌ಪೋರ್ಟು, ಪರ್ಮಿಟ್ ಕಾರ್ಡು ಎರಡೂ ಒರಿಜಿನಲ್ ಜೊತೇಲಿರ್ಬೇಕು, 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲಾ ಭೂಗಡಿಗಳಲ್ಲಿ ಮತ್ತೆ ತಪಾಸಣೆ ಶುರು ಮಾಡಿದೆ, ರಾತ್ರಿ ಬಸ್ಸಲ್ಲಿ ನಿದ್ದೆಯಿಂದ ಎಬ್ಬಿಸಿ ಕೇಳ್ತಾರೆ.

ಇದೇ ಪಾಸಲ್ಲಿ ಹೋಗೋ ಇನ್ನೊಂದು ಊರಿನ ವಿಷ್ಯ ಕನ್ನಡ ಪತ್ರಿಕೆಗೆ ಬರೀವಾಗ ಹೇಳ್ದೆ ಇರೋಕಾಗಲ್ಲ. ಸ್ಟುಟ್‌ಗಾರ್ಟ್‌ನಿಂದ ಪ್ಯಾಸೆಂಜರ್ ಟ್ರೈನಲ್ಲಿ ಸುಮಾರು ಒಂದು ಗಂಟೆ ದೂರ ಟ್ಯೂಬಿಂಗನ್. ನೆಕ್ಕಾರ್ ನದಿ ದಡದಲ್ಲಿ ಹಳದಿ, ಗುಲಾಬಿ ಬಣ್ಣದ ಹಳೇ ಮನೆಗಳು, ಊರು ತುಂಬಾ ಸ್ಟೂಡೆಂಟ್ಸು, ಸಂಜೆ ಆದ್ರೆ ನದಿ ಪಕ್ಕದ ಗೋಡೆ ಮೇಲೆ ಕಾಲು ಇಳಿಬಿಟ್ಕೊಂಡು ಕೂತಿರ್ತಾರೆ. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು ಈ ಊರಿನ ಯೂನಿವರ್ಸಿಟಿ, ಅವರು 1903ರಲ್ಲಿ ತೀರಿಕೊಂಡಿದ್ದೂ ಇದೇ ಊರಲ್ಲಿ. 1843ರ ಜುಲೈ 1ಕ್ಕೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ರಾಜ್ಯದ ಬ್ರಾಕನ್‌ಹೈಮ್‌ನಲ್ಲಿ, ತೀರಿಕೊಂಡಿದ್ದು ನಮ್ಮ ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ. ನಮ್ಮ ಗ್ಯಾಂಗಿನವರು ಟ್ಯೂಬಿಂಗನ್‌ಗೆ ಹೋದ ದಿನ ಸಂಜೆ ನದಿ ದಡದಲ್ಲಿ ಬಿಯರ್ ಬಾಟಲಿ ಹಿಡಿದು ಕೂತ ಫೋಟೋ ಒಂದು ಇದೆ, ಊರಲ್ಲಿ ಓಡಾಡಿದ್ದು ಆ ಫೋಟೋನೇ. ಆವತ್ತು ಮಧ್ಯಾಹ್ನವೆಲ್ಲಾ ಕಿಟೆಲ್ ಓಡಾಡಿದ ಬೀದಿ ಯಾವುದಿರಬಹುದು ಅಂತ ಮಾತಾಡ್ಕೊಂಡು ಅಲೆದಿದ್ದು ಯಾರಿಗೂ ಗೊತ್ತಿಲ್ಲ. ನಾವು ಹೈಸ್ಕೂಲಲ್ಲಿ ಒಂದು ಮಾರ್ಕಿನ ಪ್ರಶ್ನೆಗೆ ಬಾಯಿಪಾಠ ಮಾಡಿದ್ದ ಹೆಸರುಗಳು ಅವು, ಅಲ್ಲಿ ನಿಂತಾಗ ಮೈ ಜುಮ್ ಅಂತು.

ಇನ್ನು ರಾತ್ರಿ ವಿಷ್ಯ. ನೈಟ್‌ಲೈಫ್ ಅಂದ ತಕ್ಷಣ ಸಿನಿಮಾದಲ್ಲಿ ತೋರ್ಸೋ ಥರ ಲೈಟು, ಡ್ಯಾನ್ಸು, ಕುಡಿದು ಬೀಳೋದು ಅಷ್ಟೇ ಕಣ್ಮುಂದೆ ಬರುತ್ತೆ ನಮ್ಮವರಿಗೆ. ಇಲ್ಲಿ ಸ್ಟೂಡೆಂಟ್ಸ್ ರಾತ್ರಿ ಜಾಸ್ತಿ ಕಳೆಯೋದು ಹಾಸ್ಟೆಲ್ ಕಾಮನ್ ಕಿಚನ್‌ನಲ್ಲಿ, ಇಲ್ಲಾಂದ್ರೆ ಹಾಸ್ಟೆಲ್ ನೆಲಮಾಳಿಗೆಯ ಬಾರಲ್ಲಿ. ಆ ಬಾರ್ ನಡೆಸೋದೂ ಹಾಸ್ಟೆಲ್ ಹುಡುಗ ಹುಡುಗೀರೇ, ಪಾಳಿ ಹಾಕ್ಕೊಂಡು ಕೌಂಟರಲ್ಲಿ ನಿಲ್ತಾರೆ, ಲಾಭಕ್ಕಲ್ಲ. ಕುಡೀದೆ ಇರೋವ್ರು ಅಪ್ಫೆಲ್‌ಶೋರ್ಲೆ ಅಂತ ಸೋಡಾ ಬೆರೆಸಿದ ಸೇಬಿನ ಜ್ಯೂಸ್ ತಗೋತಾರೆ, ಯಾಕೆ ಕುಡಿಯಲ್ಲ ಅಂತ ಇಲ್ಲಿ ನನ್ನ ಯಾರೂ ಕೇಳಿಲ್ಲ, ಬಲವಂತ ಮಾಡೋವ್ರೂ ಕಮ್ಮಿ. ನನ್ನ ಜರ್ಮನ್ ಭಾಷೆ ಸುಧಾರಿಸಿದ್ದು ಕ್ಲಾಸಲ್ಲಲ್ಲ, ಆ ಕೌಂಟರ್ ಹಿಂದೆ ನಿಂತು ಗದ್ದಲದಲ್ಲಿ ಆರ್ಡರ್ ತಗೊಳ್ಳುವಾಗ. ಥೀಸಿಸ್‌ಗೆ ಪ್ರೊಫೆಸರ್ ಯಾರು ಒಳ್ಳೇವ್ರು, ಯಾವ ಕಂಪನೀಲಿ ಇಂಟರ್ನ್‌ಶಿಪ್ ತಗೋತಿದಾರೆ ಅನ್ನೋದೆಲ್ಲಾ ತಿಳಿಯೋದೂ ಇಂಥಾ ಕಡೆನೇ.

ಸೆಪ್ಟೆಂಬರ್ ಕೊನೆಗೆ ಇಲ್ಲಿ ಸ್ಟುಟ್‌ಗಾರ್ಟ್‌ನ ಕಾನ್‌ಸ್ಟಾಟ್ ಮೈದಾನದಲ್ಲಿ ದೊಡ್ಡ ಬಿಯರ್ ಹಬ್ಬ, ಎಲ್ರೂ ಬೆಂಚ್ ಮೇಲೆ ನಿಂತು ಹಾಡ್ತಾರೆ, ಅದರ ಫೋಟೋ ನೋಡಿ ನಮ್ಮ ಚಿಕ್ಕಪ್ಪ ಅಮ್ಮಂಗೆ ಫೋನ್ ಮಾಡಿ "ಮಗಳನ್ನ ಸ್ವಲ್ಪ ನೋಡ್ಕೊಳಿ ಅತ್ತಿಗೆ" ಅಂದಿದ್ರು. ಆ ಹಬ್ಬದ ಕಥೆ ಕೇಳಿದ್ರೆ ಅವರಿಗೂ ಇಷ್ಟ ಆಗ್ತಿತ್ತು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮಾರನೇ ವರ್ಷ ಯುರೋಪಲ್ಲಿ ಬೇಸಿಗೇನೇ ಬರ್ದೆ ಬೆಳೆ ಹೋಗಿ ಜನ ಹಸಿವಿಂದ ಒದ್ದಾಡಿದ್ರು. ಆಮೇಲೆ ಮಳೆ ಬೆಳೆ ಸರಿಹೋದಾಗ ಇಲ್ಲಿನ ರಾಜ ಮೊದಲನೇ ವಿಲ್‌ಹೆಲ್ಮ್ 1818ರಲ್ಲಿ ರೈತರಿಗೆ ಅಂತ ಶುರು ಮಾಡಿದ ಹಬ್ಬ ಅದು, ನಮ್ಮ ಕಡೆ ದನಗಳ ಜಾತ್ರೆ ಇರ್ತಿತ್ತಲ್ಲ ಹಂಗೆ. ಮೈದಾನದ ಮಧ್ಯ ಈಗ್ಲೂ ಕಾಳು, ಹಣ್ಣು, ತರಕಾರಿ ಸುತ್ತಿ ಅಲಂಕಾರ ಮಾಡಿದ ಎತ್ತರದ ಕಂಬ ನಿಲ್ಲಿಸ್ತಾರೆ.

ಬರ್ಲಿನ್ ಬೇರೇನೇ ಲೋಕ. ಪಶ್ಚಿಮ ಬರ್ಲಿನ್‌ನಲ್ಲಿ ಬಾರ್ ಮುಚ್ಚೋ ಟೈಮು ಅನ್ನೋದನ್ನೇ 1949ರಲ್ಲಿ ತೆಗೆದುಹಾಕಿದ್ರು. ಊರನ್ನ ಎರಡು ಭಾಗ ಮಾಡಿದ್ದ ಬರ್ಲಿನ್ ಗೋಡೆ ಬಿದ್ದ ಮೇಲೆ ಖಾಲಿ ಬಿದ್ದ ಕಟ್ಟಡಗಳಲ್ಲಿ ಅಲ್ಲಿನ ಡ್ಯಾನ್ಸ್ ಕ್ಲಬ್ಬುಗಳು ಹುಟ್ಕೊಂಡ್ವು, ಟ್ರೆಸರ್ ಅನ್ನೋದು 1991ರಲ್ಲಿ ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ತಿಜೋರಿ ಕೋಣೇಲಿ ಶುರುವಾಗಿದ್ದು. 2024ರಲ್ಲಿ ಬರ್ಲಿನ್‌ನ ಟೆಕ್ನೋ ಅನ್ನೋ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ ಜರ್ಮನಿಯ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೇ ಸೇರಿತು. ಅಲ್ಲಿ ಹೆಸರಾದ ಕ್ಲಬ್ಬುಗಳ ಬಾಗಿಲಲ್ಲೇ ಫೋನಿನ ಹಿಂದೆ ಮುಂದೆ ಎರಡೂ ಕ್ಯಾಮೆರಾಗೆ ಪುಟ್ಟ ಸ್ಟಿಕ್ಕರ್ ಅಂಟಿಸಿ ಒಳಗೆ ಬಿಡ್ತಾರೆ, ಯಾರೂ ಯಾರ ಫೋಟೋನೂ ತೆಗೆಯೋ ಹಾಗಿಲ್ಲ, ಹುಡುಗೀರಿಗೆ ಅದೆಷ್ಟು ನಿರಾಳ ಅನ್ನೋದು ಹೋದವರಿಗೇ ಗೊತ್ತು. ಡ್ಯಾನ್ಸ್ ಬೇಡ ಅನ್ನೋವ್ರಿಗೆ ಮ್ಯೂಸಿಯಂಗಳು ನಡುರಾತ್ರಿ ದಾಟಿ ತೆರೆದಿರೋ ರಾತ್ರಿ ಇದೆ, 1997ರಲ್ಲಿ ಬರ್ಲಿನ್‌ನಲ್ಲೇ ಶುರುವಾಗಿದ್ದು. ವಿಯೆನ್ನಾದ ಒಪೇರಾದಲ್ಲಿ ನಿಂತು ನೋಡೋಕೆ ಕಡಿಮೆ ದುಡ್ಡಿನ ಟಿಕೆಟ್ ಸಿಗುತ್ತೆ, ಜಾಗ ಹಿಡಿಯೋಕೆ ಕಂಬಿಗೆ ಮಫ್ಲರ್ ಕಟ್ಟಿ ಹೋಗ್ತಾರೆ, ಅದನ್ನ ಯಾರೂ ಬಿಚ್ಚಲ್ಲ. ಇದೂ ನೈಟ್‌ಲೈಫೇ.

ಹುಡುಗಿಯಾಗಿ ನಂಗೆ ಎಲ್ಲಕ್ಕಿಂತ ದೊಡ್ಡದು ಅಂದ್ರೆ ವಾಪಸ್ ಬರೋ ದಾರಿ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುವಾಗ ರಾತ್ರಿ ಮೆಟ್ರೋ ನಿಲ್ಲೋ ಹೊತ್ತಿಗೆ ಹೊಟ್ಟೇಲಿ ತಳಮಳ ಶುರುವಾಗೋದು. ಇಲ್ಲಿ ಶುಕ್ರವಾರ ಶನಿವಾರ ಎಸ್-ಬಾನ್ ಅನ್ನೋ ಲೋಕಲ್ ಟ್ರೈನು ರಾತ್ರಿಯಿಡೀ ಓಡುತ್ತೆ, ಬೆಳಗಿನ ಜಾವ ಮೂರು ಗಂಟೆ ಟ್ರೈನಿನ ಬೋಗೀಲೂ ಕೆಲಸ ಮುಗ್ಸಿದ ನರ್ಸು, ಅಡುಗೆಯವ್ರು, ನಮ್ಮಂಥ ಹುಡುಗೀರು ಇರ್ತಾರೆ. ಬಾರಲ್ಲಿ ಯಾರಾದ್ರೂ ಕಾಟ ಕೊಟ್ರೆ ಕೌಂಟರಿಗೆ ಹೋಗಿ "ಲೂಯಿಸಾ ಇದಾಳಾ?" ಅಂತ ಕೇಳಿದ್ರೆ ಸಾಕು, ಹೆಚ್ಚು ಮಾತಿಲ್ದೆ ಒಳಗೆ ಕರ್ಕೊಂಡು ಹೋಗಿ ಟ್ಯಾಕ್ಸಿ ಕರೆಸ್ತಾರೆ, 2016ರಲ್ಲಿ ಮ್ಯುನ್‌ಸ್ಟರ್ ಅನ್ನೋ ಊರಲ್ಲಿ ಶುರುವಾದ ವ್ಯವಸ್ಥೆ, ಈಗ ಎಷ್ಟೋ ಊರುಗಳಲ್ಲಿದೆ. ರಾತ್ರಿ ಒಬ್ರೇ ನಡ್ಕೊಂಡು ಹೋಗುವಾಗ ಮನೆ ಮುಟ್ಟೋ ತನಕ ಫೋನಲ್ಲಿ ಮಾತಾಡ್ತಾ ಇರೋಕೆ ಸ್ವಯಂಸೇವಕರ ಸಹಾಯವಾಣಿಯೂ ಇದೆ. ಹಂಗಂತ ಇಲ್ಲಿ ಭಯವೇ ಇಲ್ಲ ಅಂತ ನಾನು ಹೇಳಲ್ಲ. 2020ರ ಜೂನ್‌ನಲ್ಲಿ ಒಂದು ಶನಿವಾರ ರಾತ್ರಿ ಇದೇ ಸ್ಟುಟ್‌ಗಾರ್ಟ್‌ನ ಮುಖ್ಯ ಬೀದೀಲಿ ನೂರಾರು ಜನ ಅಂಗಡಿ ಗಾಜು ಒಡೆದು ಲೂಟಿ ಮಾಡಿದ್ರು. ಗ್ಲಾಸಿಗೆ ಮತ್ತಿನ ಔಷಧಿ ಹಾಕೋ ನೀಚರು ಇಲ್ಲೂ ಇದಾರೆ, ಗ್ಲಾಸ್ ಕೈಯಿಂದ ಬಿಡಬಾರದು. ಗಾಂಜಾ 2024ರ ಏಪ್ರಿಲ್‌ನಿಂದ ದೊಡ್ಡವರು ಸ್ವಲ್ಪ ಇಟ್ಕೊಳ್ಳಬಹುದು ಅಂತ ಕಾನೂನಿದ್ರೂ ಬೀದೀಲಿ ಮಾರೋದು ಈಗ್ಲೂ ಅಪರಾಧವೇ, ಅದರ ತಂಟೆಗೆ ಹೋಗಲೇಬಾರದು. ನಂಗೆ ಇನ್ನೂ ಹೆಚ್ಚು ಭಯ ನೀರಿಂದು, ಈಜು ಬರದ ನಮ್ಮ ಹುಡುಗರು ಎರಡು ಬಿಯರ್ ಕುಡಿದು ಕೆರೆಗೆ ಇಳೀತಾರೆ, ಇಲ್ಲಿನ ನೀರಿನ ಚಳಿ ನಮ್ಮ ಮೈಗೆ ಗೊತ್ತೇ ಇಲ್ಲ.

ಇದನ್ನೆಲ್ಲಾ ಮಕ್ಕಳಿಗೆ ಯಾರು ಹೇಳ್ಕೊಡ್ತಾರೆ ಹೇಳಿ? ರಾತ್ರಿ ಹೊರಗೆ ಹೋಗೋದೇ ತಪ್ಪು ಅಂತ ಬೆಳೆಸಿದ ಮನೇಲಿ ಹುಷಾರಾಗಿ ಹೋಗೋದು ಹೆಂಗೆ ಅನ್ನೋ ಮಾತೇ ಬರಲ್ಲ. ನಮ್ಮ ಕ್ಲಾಸಿನ ಕನ್ನಡದ ಹುಡುಗ ಒಬ್ಬ, ಪರೀಕ್ಷೆಗೆ ಓದ್ತಿದೀನಿ ಅಂತ ಮನೇಲಿ ಹೇಳಿ ಪ್ರಾಗ್‌ಗೆ ಹೋಗಿದ್ದ. ವಾಪಸ್ ಬರೋ ರಾತ್ರಿ ಬಸ್ಸಲ್ಲಿ ನ್ಯೂರೆಂಬರ್ಗ್ ದಾಟಿದ ಮೇಲೆ ಎಚ್ಚರ ಆಗಿ ನೋಡಿದ್ರೆ ಕಾಲ ಬುಡದಲ್ಲಿದ್ದ ಬ್ಯಾಗೇ ಇಲ್ಲ, ಪಾಸ್‌ಪೋರ್ಟು, ಪರ್ಮಿಟ್ ಕಾರ್ಡು, ಫೋನು ಎಲ್ಲಾ ಅದರಲ್ಲೇ. ಪೊಲೀಸ್ ಕಂಪ್ಲೇಂಟ್ ಕೊಡ್ಬೇಕು, ಮ್ಯೂನಿಕ್‌ನ ನಮ್ಮ ಕಾನ್ಸುಲೇಟಿಗೆ ಅರ್ಜಿ ಹಾಕ್ಬೇಕು, ಅದಕ್ಕೆ ಪಾಸ್‌ಪೋರ್ಟ್ ನಂಬರ್ ಬೇಕು, ಅದು ಅವನಿಗೆ ಬಾಯಲ್ಲಿ ಬರಲ್ಲ. ಮನೆಗೆ ಹೇಳೋಕೆ ಹೆದರಿ ಊಟ ನಿದ್ದೆ ಬಿಟ್ಟು ರೂಮಲ್ಲಿ ಕೂತುಬಿಟ್ಟ. ಕೊನೆಗೆ ಅವರಮ್ಮನೇ ಗಾಬರಿಯಾಗಿ ನಂಗೆ ಫೋನ್ ಮಾಡಿದ್ರು, ನಾನು ಅವನನ್ನ ಒಪ್ಪಿಸಿ ಫೋನ್ ಕೊಟ್ಟೆ. ಅವರಮ್ಮ ಬೀರುವಿನಲ್ಲಿ ಹುಡುಕಿ, ಹೊರಡೋ ಮುಂಚೆ ಮಾಡ್ಸಿಟ್ಟಿದ್ದ ಪಾಸ್‌ಪೋರ್ಟ್ ಜೆರಾಕ್ಸ್‌ದು ಪಕ್ಕದ ಮನೆ ಹುಡುಗಿ ಹತ್ರ ಫೋಟೋ ತೆಗೆಸಿ ವಾಟ್ಸಾಪ್ ಮಾಡಿದ್ರು. ಅರ್ಜಿ ತುಂಬಿದ್ದು ಅದರಿಂದ್ಲೇ. ಮೊದ್ಲೇ ಹೇಳಿದ್ರೆ ಆ ದಿನಾನೇ ಮುಗೀತಿತ್ತು.

ಇಲ್ಲಿ ನೆಂಟರಿಂದ ಸ್ಟೇಟಸ್ ಹೈಡ್ ಮಾಡದೇ ಇರೋ ಒಬ್ಬ ಸ್ಟೂಡೆಂಟೂ ನಂಗೆ ಗೊತ್ತಿಲ್ಲ. ನೆಂಟರಿಂದ ಮುಚ್ಚಿಡ್ಲಿ, ಪರ್ವಾಗಿಲ್ಲ. ಅಪ್ಪ ಅಮ್ಮನಿಂದ ಮುಚ್ಚಿಡೋ ಹಾಗಾಗಬಾರದು. ನಮ್ಮಮ್ಮ ಈಗ ಶನಿವಾರ ಬೆಳಗ್ಗೆ ಫೋನ್ ಮಾಡಿ ಇವತ್ತು ಎಲ್ಲಿಗೆ, ಯಾರ ಜೊತೆ, ಬರೋದು ಹೆಂಗೆ ಅಂತ ಕೇಳ್ತಾರೆ, ನಾನು ರೂಮ್ ಸೇರಿದ ಮೇಲೆ ಮೆಸೇಜ್ ಹಾಕ್ತೀನಿ, ಅಲ್ಲಿ ಆಗ ಬೆಳಗಾಗಿರುತ್ತೆ, ಕಾಫಿ ಕುಡೀತಾ ನೋಡ್ತಾರೆ. ಮೊದಮೊದಲು ಅವರಿಗೆ ಕಷ್ಟವಾಗಿತ್ತು, ಕೇಳೋವಾಗ ದನಿ ನಡುಗ್ತಿತ್ತು, ಆದ್ರೂ ಬೈದಿಲ್ಲ. ಹಂಗಾಗಿ ನಂಗೂ ಒಂದಿನವೂ ಸುಳ್ಳು ಹೇಳೋ ಅಗತ್ಯ ಬಂದಿಲ್ಲ.

ಸಂಪಾದಕರೇ, ನಿಮ್ಮ ಶಿಕ್ಷಣ ಪುಟದಲ್ಲಿ ವಿದೇಶ ವ್ಯಾಸಂಗದ ಬಗ್ಗೆ ಬರೋದೆಲ್ಲಾ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ, ವೀಸಾ, ಸ್ಕಾಲರ್‌ಶಿಪ್, ಯೂನಿವರ್ಸಿಟಿ ರ‍್ಯಾಂಕು. ಅವೂ ಬೇಕು. ಅದರ ಜೊತೆಗೆ ಈಗ ಹೊರಗೆ ಓದ್ತಿರೋ ಮಕ್ಕಳಿಂದ್ಲೇ ರಾತ್ರಿ ಓಡಾಟ, ಪ್ರಯಾಣ, ಇನ್ಶೂರೆನ್ಸ್, ಕಳೆದುಹೋದ ಪಾಸ್‌ಪೋರ್ಟು, ತುರ್ತು ನಂಬರ್ 112 ಇಂಥವೆಲ್ಲಾ ಬರೆಸಿ, ತಿಂಗಳಿಗೊಂದ್ಸಲ ಆದ್ರೂ ಸರಿ. ಜುಲೈ ಆಗಸ್ಟ್‌ನಲ್ಲಿ ಮಕ್ಕಳು ಸೂಟ್‌ಕೇಸ್ ಕಟ್ಟೋ ಹೊತ್ತಿಗೆ ಮನೇಲಿ ಅಪ್ಪ ಅಮ್ಮ, ಮಕ್ಕಳು ಒಟ್ಟಿಗೆ ಕೂತು ಓದೋ ಹಂಗಿರ್ಲಿ. ಬರೀರಿ ಅಂದ್ರೆ ನಾನೂ ಬರೀತೀನಿ, ಇಲ್ಲಿರೋ ಬೇರೆಯವ್ರನ್ನೂ ಒಪ್ಪಿಸ್ತೀನಿ.

ಇಂತಿ,
ಹಾಸನದ ಒಬ್ಬ ಓದುಗಿ
ಸ್ಟುಟ್‌ಗಾರ್ಟ್, ಜರ್ಮನಿ